ಅರವತ್ತು ದಾಟಿದವರಿಗೆ ಪಾಠ ಬೇಡವೆಂದವರಾರು?

ಕಳೆದ ನವೆಂಬರಿನಲ್ಲಿ ನಮ್ಮೂರಿನ ಬ್ಯಾಂಕೊಂದರಲ್ಲಿ ನಾವು ಕಣ್ಣಾರೆ ಕಂಡದ್ದನ್ನು ಮೊದಲು ಹೇಳುತ್ತೇವೆ. ಮೂವತ್ತು ವರ್ಷ ನೂಲುವ ಖಾತೆಯಲ್ಲಿ ಪಾಳಿ ಮಾಡಿ ನಿವೃತ್ತರಾದ ಹಿರಿಯರೊಬ್ಬರು ತಾವು ಇನ್ನೂ ಬದುಕಿದ್ದೇವೆಂದು ರುಜುವಾತು ಮಾಡಲು ಬಂದಿದ್ದರು. ಬೆರಳೊತ್ತಿದರು, ಯಂತ್ರ ಒಪ್ಪಲಿಲ್ಲ. ಹತ್ತೂ ಬೆರಳು ಒತ್ತಿದರು; ಆಗಲೂ ಒಪ್ಪಲಿಲ್ಲ. ನೂಲಿನ ಎಳೆ ಹಿಡಿದು ಹಿಡಿದು ಸವೆದ ಬೆರಳಿನಲ್ಲಿ ಗೆರೆ ಎಲ್ಲಿಂದ ಬರಬೇಕು? ಗುಮಾಸ್ತರು ತಲೆಯೆತ್ತದೆ, “ಮನೆಗೆ ಹೋಗಿ ಸ್ಮಾರ್ಟ್‌ಫೋನಿನಲ್ಲಿ ಮುಖ ತೋರಿಸಿ, ಆಗುತ್ತದೆ” ಎಂದರು. ಹಿರಿಯರು ಜೇಬಿನಿಂದ ತಮ್ಮ ಗುಂಡಿ ಫೋನು ತೆಗೆದು, “ಇದ್ರಾಗೆ ಮುಖ ಕಾಣ್ತತೇನ್ರಿ?” ಎಂದು ಕೇಳಿದರು. ಸಾಲಿನಲ್ಲಿದ್ದವರು ನಕ್ಕರು. ನಮಗೆ ನಗು ಬರಲಿಲ್ಲ.

ಯೋಜನೆಯೇ ಕೆಟ್ಟದ್ದೆಂದು ನಾವು ಹೇಳುವವರಲ್ಲ. ಕೇಂದ್ರ ಸರ್ಕಾರ ‘ಜೀವನ್ ಪ್ರಮಾಣ್’ ಎಂಬ ಏರ್ಪಾಟನ್ನು 2014ರ ನವೆಂಬರಿನಲ್ಲಿ ತಂದಿತು. 2021ರ ನವೆಂಬರಿನಲ್ಲಿ ಬೆರಳಿನ ಬದಲು ಮುಖ ತೋರಿಸಿದರೂ ಸಾಕೆಂದಿತು. ಕಾಲು ಬಾರದ ತಾಯಿ ಹಾಸಿಗೆಯ ಮೇಲೆ ಕುಳಿತೇ ತನ್ನ ಪಿಂಚಣಿ ಉಳಿಸಿಕೊಳ್ಳಬಹುದಾದರೆ ಅದು ಒಳ್ಳೆಯದೇ. ಆದರೆ ಅದಕ್ಕೆ ಸ್ಮಾರ್ಟ್‌ಫೋನು ಬೇಕು, ಕನಿಷ್ಠ 5 ಮೆಗಾಪಿಕ್ಸೆಲ್ ಕ್ಯಾಮೆರಾ ಬೇಕು, ಎರಡು ಆಪ್ ಇಳಿಸಿಕೊಳ್ಳಬೇಕು, ಒಟಿಪಿ ಓದಿ ಹೊಡೆಯಬೇಕು. ಭವಿಷ್ಯನಿಧಿ ಪಿಂಚಣಿಗೆ 2014ರಲ್ಲಿ ಸರ್ಕಾರ ಗೊತ್ತುಮಾಡಿದ ಕನಿಷ್ಠ ಮೊತ್ತ ತಿಂಗಳಿಗೆ 1000 ರೂಪಾಯಿ. ಎಂಟು ಸಾವಿರದ ಫೋನೆಂದರೆ ಆ ಲೆಕ್ಕದಲ್ಲಿ ಎಂಟು ತಿಂಗಳ ಪಿಂಚಣಿ! ಉಣ್ಣುವುದೋ, ಮುಖ ತೋರಿಸುವುದೋ?

ಹೋಗಲಿ, ಸಾಲ ಮಾಡಿ ಕೊಂಡರೆನ್ನೋಣ. ಕಲಿಸುವವರಾರು? ಡಿಜಿಟಲ್ ಸಾಕ್ಷರತೆಗೆಂದು ಕೇಂದ್ರ ಸರ್ಕಾರ 2017ರಲ್ಲಿ ಆರು ಕೋಟಿ ಗ್ರಾಮೀಣ ಮನೆಗಳ ಗುರಿಯಿಟ್ಟು ದೊಡ್ಡ ಯೋಜನೆಯನ್ನೇ ಹೂಡಿತು. ಅದರ ನಿಯಮವನ್ನು ಓದುಗರು ಗಮನಿಸಬೇಕು: ಮನೆಗೊಬ್ಬರು, ಹಳ್ಳಿಯವರು ಮಾತ್ರ, ವಯಸ್ಸು 14ರಿಂದ 60. ಅರವತ್ತು ದಾಟಿದವರಿಗೆ ಪ್ರವೇಶವಿಲ್ಲ. ಮಿಲ್ಲಿನ ಚಾಳುಗಳಲ್ಲಿ ಬದುಕು ಸವೆಸಿದ ಪಟ್ಟಣದವರಿಗೂ ಇಲ್ಲ. 2024ರ ಮಾರ್ಚಿಗೆ ಆ ಯೋಜನೆಯೇ ಮುಗಿಯಿತು. ಪಾಠಶಾಲೆಯ ಬಾಗಿಲಲ್ಲಿ “ನಿನಗೆ ವಯಸ್ಸಾಯಿತು, ಹೋಗು” ಎಂದವರೇ ಬ್ಯಾಂಕಿನ ಬಾಗಿಲಲ್ಲಿ ನಿಂತು “ಪರೀಕ್ಷೆ ಪಾಸು ಮಾಡಿ ಬಾ” ಎನ್ನುತ್ತಾರೆ. ನಾವು ಕೆಲಕಾಲ ಮೇಷ್ಟರಾಗಿದ್ದವರು. ಪಾಠ ಮಾಡದೆ ಪರೀಕ್ಷೆಯಿಟ್ಟ ಶಾಲೆಯನ್ನು ನಾವೆಲ್ಲೂ ಕಂಡಿಲ್ಲ.

ಬ್ಯಾಂಕುಗಳ ಮಾತಿಗೆ ಬರೋಣ. ರಿಸರ್ವ್ ಬ್ಯಾಂಕು 2017ರ ನವೆಂಬರ್ 9ರಂದು ಎಲ್ಲ ಬ್ಯಾಂಕುಗಳಿಗೂ ಒಂದು ಸುತ್ತೋಲೆ ಕಳಿಸಿತು. ಹಿರಿಯರಿಗೆ ಪ್ರತ್ಯೇಕ ಕೌಂಟರ್ ಇರಬೇಕು, ಎಪ್ಪತ್ತು ದಾಟಿದವರ ಮನೆಬಾಗಿಲಿಗೇ ಹೋಗಿ ಹಣ ಕೊಡುವ, ಜೀವಂತ ಪ್ರಮಾಣಪತ್ರ ಪಡೆಯುವ ಕೆಲಸ ಮಾಡಬೇಕು ಎಂದು ಅದರಲ್ಲಿದೆ. ನಿಮ್ಮ ಬ್ಯಾಂಕಿನಲ್ಲಿ ಆ ಸುತ್ತೋಲೆಯ ಹೆಸರೆತ್ತಿ ನೋಡಿ. 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟು ಕುರುಡರ ಮತ್ತು ಆಸಿಡ್ ದಾಳಿಗೆ ಸಿಕ್ಕವರ ಅರ್ಜಿಯ ಮೇಲೆ ತೀರ್ಪು ಕೊಡುತ್ತ, ಡಿಜಿಟಲ್ ಸೇವೆ ಕೈಗೆಟುಕುವುದೂ ಸಂವಿಧಾನದ 21ನೆಯ ವಿಧಿಯ ಬದುಕುವ ಹಕ್ಕಿನೊಳಗೇ ಬರುತ್ತದೆಂದಿತು. ಅದು ಹಕ್ಕಾದ ಮೇಲೆ, ಅದನ್ನು ಕೈಗೆ ತಲುಪಿಸುವ ಹೊಣೆ ಯಾರದು? ಮುದುಕರದೆ?

ಸರ್ಕಾರವನ್ನಷ್ಟೇ ಬೈದು ಕೈತೊಳೆದುಕೊಂಡರೆ ನಾವು ಸುಳ್ಳರಾಗುತ್ತೇವೆ. ನಮ್ಮ ಮನೆಗಳಲ್ಲೇನು ನಡೆದಿದೆ? ಅಪ್ಪ ಏನೋ ಕೇಳುತ್ತಾರೆ; ಮಗ “ನಿನಗೆ ತಿಳಿಯಲ್ಲ, ಕೊಡಪ್ಪ ಇಲ್ಲಿ” ಎಂದು ಫೋನು ಕಿತ್ತುಕೊಂಡು ನಾಲ್ಕು ಸಲ ಒತ್ತಿ ಹಿಂದಕ್ಕೆ ಕೊಡುತ್ತಾನೆ. ಕೆಲಸ ಆಯಿತು, ಕಲಿಕೆ ಆಗಲಿಲ್ಲ. ಮಗುವಿನ ಸ್ಲೇಟನ್ನು ಮೇಷ್ಟ್ರೇ ಬರೆದು ತುಂಬಿಸಿದರೆ ಮಗು ಅಕ್ಷರ ಕಲಿಯುತ್ತದೆಯೆ? ಕೈ ಅವರದೇ ಇರಬೇಕು, ಬಾಯಿ ಮಾತ್ರ ನಮ್ಮದು.

ಈಚಿನ ಕೆಲವು ಭಾನುವಾರ ನಾವು ಕಾರ್ಯಾಲಯದಲ್ಲಿ ಹತ್ತು ಹನ್ನೆರಡು ಮಂದಿ ಹಿರಿಯರನ್ನು ಕೂಡಿಸಿಕೊಂಡು ಈ ಪಾಠ ಆರಂಭಿಸಿದ್ದೇವೆ. ಅಲ್ಲಿ ನಾವೇ ಕಲಿತದ್ದು ಬಹಳ. ಒಬ್ಬರು “ನಾನು ಒತ್ತಿದರೆ ಚಿತ್ರಗಳೆಲ್ಲ ಓಡಾಡುತ್ತವೆ” ಎಂದು ದೂರಿದರು. ನೋಡಿದರೆ, ಅವರ ಬೆರಳು ಮೆಲ್ಲಗೆ ಮೇಲೇಳುತ್ತದೆ. ಫೋನು ಅದನ್ನು ‘ಒತ್ತಿ ಹಿಡಿದದ್ದು’ ಎಂದು ತಿಳಿಯುತ್ತದೆ. ಸೆಟ್ಟಿಂಗ್ಸಿನಲ್ಲಿ ಆ ಕಾಲವನ್ನು ಹೆಚ್ಚಿಸಿದೆವು. ಅಕ್ಷರ ದೊಡ್ಡದು ಮಾಡಿದೆವು, ಭಾಷೆ ಕನ್ನಡಕ್ಕೆ ತಿರುಗಿಸಿದೆವು, ಬೇಡದ ಆಪ್‌ಗಳನ್ನು ತೆಗೆದೆವು. ಬರೆಯಲು ಕೈ ನಡುಗುವವರಿಗೆ ಮೈಕಿನ ಚಿತ್ರ ಒತ್ತಿ ಕನ್ನಡದಲ್ಲೇ ಮಾತಾಡಿದರೆ ಅಕ್ಷರ ಮೂಡುವುದನ್ನು ತೋರಿಸಿದೆವು. ಎರಡು ವರ್ಷ ಫೋನಿಗೆ ಹೆದರಿದ್ದ ಅವರು ಅಂದು ಸಂಜೆ ಬೆಂಗಳೂರಿನ ಮೊಮ್ಮಗಳಿಗೆ ತಾವೇ ಕರೆ ಹಚ್ಚಿದರು. ದಡ್ಡರು ಯಾರಾಗಿದ್ದರು, ಮನುಷ್ಯರೋ ಫೋನೋ?

ಕೊಳ್ಳುವಾಗಿನ ಮೋಸವನ್ನೂ ಹೇಳಬೇಕು. ನಮ್ಮ ಓದುಗರಲ್ಲಿ ಅಂಗಡಿಕಾರರಿದ್ದೀರಿ, ಸಿಟ್ಟಾಗಬೇಡಿ. “ಯಜಮಾನ್ರೆ, ನಿಮಗೆ ಇದು ಸಾಕು” ಎಂದು ಕಪಾಟಿನ ಮೂಲೆಯ ಹಳೇ ಮಾಲನ್ನು ಹಿರಿಯರಿಗೆ ದಾಟಿಸುವವರಿದ್ದಾರೆ. ಹಳೆಯ ಆಂಡ್ರಾಯ್ಡ್ ಇರುವ ಫೋನಿನಲ್ಲಿ ನಾಳೆ ಬ್ಯಾಂಕಿನ ಆಪ್ ಕೆಲಸ ಮಾಡುವುದನ್ನೇ ನಿಲ್ಲಿಸಬಹುದು. ಇನ್ನೆಷ್ಟು ವರ್ಷ ಭದ್ರತೆಯ ಅಪ್‌ಡೇಟ್ ಬರುತ್ತದೆಂದು ಕೇಳಿಯೇ ಕೊಳ್ಳಬೇಕು. ಪರದೆ ದೊಡ್ಡದಿರಲಿ, ಸದ್ದು ಜೋರಿರಲಿ, ಕೈಯಲ್ಲಿ ಹಿಡಿದು ನೋಡಿ ಜಾರದಂಥದಿರಲಿ. ಪರದೆ ದೊಡ್ಡದೆಂದು ಟ್ಯಾಬ್ಲೆಟ್ ಕೊಡಿಸುವವರಿಗೆ ಒಂದು ಮಾತು: ಬರಿಯ ವೈಫೈ ಟ್ಯಾಬ್ಲೆಟ್ಟಿಗೆ ಸಿಮ್ ಹೋಗುವುದಿಲ್ಲ, ಒಟಿಪಿಯ ಸಂದೇಶ ಅದಕ್ಕೆ ಬರುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾದದ್ದು, ಸಿಮ್ ಹಿರಿಯರ ಹೆಸರಿನಲ್ಲೇ ಇದ್ದು ಆಧಾರಿಗೂ ಬ್ಯಾಂಕಿಗೂ ಅದೇ ನಂಬರು ಜೋಡಿಸಿರಬೇಕು. ಮಗನ ನಂಬರು ಕೊಟ್ಟು, ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಗ ಒಟಿಪಿ ಅಲ್ಲಿಗೆ ಹೋಗಿ, ಅಪ್ಪ ಇಲ್ಲಿ ಬ್ಯಾಂಕಿನ ಬೆಂಚಿನ ಮೇಲೆ ಕಾಯುವುದನ್ನು ನಾವು ಎಷ್ಟು ಸಲ ಕಂಡೆವೋ!

ಕಳ್ಳರಂತೂ ಹಿರಿಯರನ್ನೇ ಹುಡುಕಿಕೊಂಡು ಬರುತ್ತಾರೆ. ಪೊಲೀಸ್ ಉಡುಪು ತೊಟ್ಟು ವಿಡಿಯೊ ಕರೆಯಲ್ಲಿ “ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಿದ್ದೇವೆ” ಎಂದು ಹೆದರಿಸುತ್ತಾರೆ. ಅಂಥ ಬಂಧನ ಈ ದೇಶದ ಯಾವ ಕಾನೂನಿನಲ್ಲೂ ಇಲ್ಲ. ಹಣ ಪಡೆಯಲು ಯುಪಿಐ ಪಿನ್ ಒತ್ತಬೇಕಿಲ್ಲ. ಒತ್ತು ಎಂದವನು ಕಳ್ಳ. ವಾಟ್ಸಾಪಿನಲ್ಲಿ ಮದುವೆಯ ಕರೆಯೋಲೆಯೆಂದು ಬರುವ ಎಪಿಕೆ ಫೈಲನ್ನು ತೆರೆಯಬಾರದು. ವಯಸ್ಸಾದ ವ್ಯಾಪಾರಿಗಳು ಗಿರಾಕಿ ತೋರಿಸುವ ಹಸಿರು ಗುರುತನ್ನು ನಂಬದೆ, ತಮ್ಮ ಖಾತೆಗೆ ಹಣ ಬಂತೆ ಎಂದು ತಾವೇ ನೋಡಿಕೊಳ್ಳಬೇಕು. ಮೋಸ ಹೋದರೆ ತಡಮಾಡದೆ 1930ಕ್ಕೆ ಫೋನು ಮಾಡಬೇಕು. ನಾಚಿಕೆಯಿಂದ ಎರಡು ದಿನ ಮನೆಯವರಿಗೂ ಹೇಳದೆ ಕೂತವರನ್ನು ನಾವು ಬಲ್ಲೆವು. ಮಕ್ಕಳು ಬೈದಾರೆಂಬ ಹೆದರಿಕೆಯೇ ಕಳ್ಳನಿಗೆ ಅರ್ಧ ಬಂಡವಾಳ.

ಫೋನೇ ಬೇಡವೆನ್ನುವ ಹಿರಿಯರೂ ಇದ್ದಾರೆ. ಅದೂ ಅವರ ಹಕ್ಕು. ಗುಂಡಿ ಫೋನಿನಲ್ಲೇ ಹಣ ಕಳಿಸುವ ‘ಯುಪಿಐ 123ಪೇ’ 2022ರಿಂದ ಇದೆ. ಅಂಚೆಯವರು ಮನೆಗೆ ಬಂದು ಪ್ರಮಾಣಪತ್ರ ಮಾಡಿಕೊಡುವ ಸೇವೆ 2020ರಲ್ಲೇ ಬಂದಿದೆ. ಆಗ ಅದಕ್ಕೆ 70 ರೂಪಾಯಿ ಇಟ್ಟಿದ್ದರು. ಭವಿಷ್ಯನಿಧಿ ಪಿಂಚಣಿಯವರು ನವೆಂಬರಿನಲ್ಲೇ ನೂಕುನುಗ್ಗಲಿಗೆ ಬೀಳಬೇಕಾಗಿಯೂ ಇಲ್ಲ. ಪ್ರಮಾಣಪತ್ರ ಕೊಟ್ಟ ದಿನದಿಂದ ಒಂದು ವರ್ಷ ಸಲ್ಲುತ್ತದೆ. ಇದನ್ನು ಬ್ಯಾಂಕಿನ ಗೋಡೆಗೆ ಕನ್ನಡದಲ್ಲಿ ಬರೆದು ಅಂಟಿಸಲು ಎಷ್ಟು ಖರ್ಚಾಗುತ್ತದೆ ಸ್ವಾಮಿ?

ನಾವು ಕೇಳುವುದಿಷ್ಟು. ಜಿಲ್ಲಾ ಗ್ರಂಥಾಲಯದಲ್ಲಿ ವಾರಕ್ಕೊಂದು ದಿನ ಅರವತ್ತು ದಾಟಿದವರಿಗೆ ಕನ್ನಡದಲ್ಲಿ ಪಾಠ ನಡೆಯಲಿ, ಕಲಿಸುವವರಿಗೆ ಸರ್ಕಾರ ಸಂಬಳ ಕೊಡಲಿ. ರಿಸರ್ವ್ ಬ್ಯಾಂಕಿನ ಸುತ್ತೋಲೆಯಂತೆ ಹಿರಿಯರ ಕೌಂಟರು ಪ್ರತಿ ಬ್ಯಾಂಕಿನಲ್ಲೂ ತೆರೆದಿರಲಿ. ಫೋನು ಕಲಿಯುವವರೆಗೂ, ಕಲಿಯದಿದ್ದರೂ. ಈ ಬೇಡಿಕೆಯ ಮನವಿಯನ್ನು ಜಿಲ್ಲಾಧಿಕಾರಿಗಳಿಗೂ ಬ್ಯಾಂಕುಗಳಿಗೂ ಕೊಡುವವರಿದ್ದೇವೆ. ರುಜು ಹಾಕುವ ಹಾಳೆ ಕಾರ್ಯಾಲಯದ ಮೇಜಿನ ಮೇಲಿದೆ. ಹೆಬ್ಬೆಟ್ಟು ಒತ್ತುವವರೂ ಬರಲಿ, ನಮ್ಮ ಹಾಳೆ ಸವೆದ ಬೆರಳನ್ನು ಬೇಡವೆನ್ನುವುದಿಲ್ಲ.

ಭಾನುವಾರದ ಪಾಠ ಸಂಜೆ ನಾಲ್ಕಕ್ಕೆ. ಬರುವವರು ಫೋನಿನ ಜೊತೆಗೆ ಕನ್ನಡಕವನ್ನೂ ಮರೆಯದೆ ತರಬೇಕು. ಹೋದ ವಾರ ಮೂವರು ಮರೆತು ಬಂದು ಒಂದೇ ಕನ್ನಡಕವನ್ನು ಸರದಿಯಲ್ಲಿ ಹಾಕಿಕೊಂಡರು.