ಹಳೆಯ ತಪ್ಪನ್ನು ಅಳಿಸಬೇಡಿ, ಪರೀಕ್ಷೆಯಾಗಿ ಉಳಿಸಿ

ಕ್ರಿಪ್ಟೋಕರೆನ್ಸಿ ಎಂದ ಕೂಡಲೇ ನಮ್ಮ ನಡುವೆ ಎರಡು ಪ್ರಶ್ನೆಗಳು ಏಳುತ್ತವೆ. ಇವತ್ತು ಬಿಟ್‌ಕಾಯಿನ್ ರೇಟು ಎಷ್ಟು? ಅದು ಹಲಾಲೋ ಹರಾಮೋ? ಮೊದಲನೆಯದಕ್ಕೆ ಉತ್ತರ ಫೋನಿನಲ್ಲಿ ಸಿಗುತ್ತದೆ. ಎರಡನೆಯದನ್ನು ಉಲೆಮಾಗಳು ಚರ್ಚಿಸುತ್ತಿದ್ದಾರೆ, ಅದು ನನ್ನ ಯೋಗ್ಯತೆಗೆ ಮೀರಿದ್ದು. ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿಯಾಗಿ ನನ್ನನ್ನು ಸೆಳೆದದ್ದು ಮೂರನೆಯ ಪ್ರಶ್ನೆ: ಈ ಸಾಫ್ಟ್‌ವೇರ್ ತಪ್ಪು ಮಾಡದಂತೆ ನೋಡಿಕೊಳ್ಳುವುದು ಹೇಗೆ? ಇದರ ಉತ್ತರದಿಂದ ನಮ್ಮ ಲ್ಯಾಬಿಗೂ ಒಂದು ಪಾಠವಿದೆ ಎಂದು ನನ್ನ ಅಭಿಪ್ರಾಯ.

ಬಿಟ್‌ಕಾಯಿನ್‌ಗೆ ಬ್ಯಾಂಕ್ ಇಲ್ಲ, ಮ್ಯಾನೇಜರ್ ಇಲ್ಲ. ಜಗತ್ತಿನ ಸಾವಿರಾರು ಕಂಪ್ಯೂಟರ್‌ಗಳಲ್ಲಿ ನಡೆಯುವ 'ನೋಡ್' ಎಂಬ ಸಾಫ್ಟ್‌ವೇರ್ ಪ್ರತಿಯೊಂದು ವ್ಯವಹಾರವನ್ನೂ ತಾನೇ ಪರಿಶೀಲಿಸುತ್ತದೆ. ಅದು ಒಪ್ಪಿದರೆ ಲೆಕ್ಕ ಸರಿ, ಒಪ್ಪದಿದ್ದರೆ ತಪ್ಪು. ಹಾಗಾದರೆ ಪರಿಶೀಲಿಸುವ ಪ್ರೋಗ್ರಾಂ ತಾನೇ ತಪ್ಪಿದರೆ?

ತಪ್ಪಿದ್ದುಂಟು. 2010ರ ಆಗಸ್ಟ್ 15ರಂದು 74,638ನೇ ಬ್ಲಾಕ್‌ನಲ್ಲಿ ಯಾರೋ ಒಬ್ಬರು ಒಂದೇ ವ್ಯವಹಾರದಿಂದ 18,400 ಕೋಟಿಗೂ ಹೆಚ್ಚು ಬಿಟ್‌ಕಾಯಿನ್ ಸೃಷ್ಟಿಸಿದರು. ಬಿಟ್‌ಕಾಯಿನ್‌ನ ಒಟ್ಟು ಮಿತಿಯೇ 2 ಕೋಟಿ 10 ಲಕ್ಷ! ಕಾರಣ ಸರಳ. ಎರಡು ಬಹಳ ದೊಡ್ಡ ಸಂಖ್ಯೆಗಳನ್ನು ಕೂಡಿದಾಗ ಮೊತ್ತ 64 ಬಿಟ್‌ನಲ್ಲಿ ಹಿಡಿಯದೆ ಋಣ ಸಂಖ್ಯೆಯಾಯಿತು, ಪ್ರೋಗ್ರಾಂ ಅದನ್ನು ಸರಿಯೆಂದು ನಂಬಿತು. ನಮ್ಮ ಪುಸ್ತಕದಲ್ಲಿ 'ಓವರ್‌ಫ್ಲೋ' ಎಂದು ಓದುತ್ತೇವಲ್ಲ, ಅದೇ. ಕೆಲವೇ ಗಂಟೆಗಳಲ್ಲಿ ತಿದ್ದಿದ ಆವೃತ್ತಿ ಬಂತು, ಆ ಬ್ಲಾಕ್ ಸರಪಳಿಯಿಂದ ಹೊರಗುಳಿಯಿತು.

ತಿದ್ದುವುದು ಅರ್ಧ ಕೆಲಸ ಮಾತ್ರ. ಮುಂದೆ ಇನ್ನೊಬ್ಬರು ಬೇರೇನೋ ಬದಲಾಯಿಸುವಾಗ ಹಳೆಯ ತಪ್ಪು ಮರಳಿ ಬರಬಹುದು. ಅದಕ್ಕಾಗಿಯೇ ಇರುವುದು ರಿಗ್ರೆಶನ್ ಟೆಸ್ಟ್. ನಿನ್ನೆವರೆಗೆ ಸರಿಯಾಗಿದ್ದದ್ದು ಇಂದಿನ ಬದಲಾವಣೆಯಿಂದ ಕೆಟ್ಟಿದೆಯೇ ಎಂದು ಪ್ರತಿ ಬಾರಿಯೂ ಮೊದಲಿಂದ ಕೇಳುವ ಪರೀಕ್ಷೆ ಅದು.

ಬಿಟ್‌ಕಾಯಿನ್ ಕೋರ್ ಸಾಫ್ಟ್‌ವೇರ್‌ನಲ್ಲಿ ಇದಕ್ಕೆಂದೇ 'ರೆಗ್‌ಟೆಸ್ಟ್' ಎಂಬ ವ್ಯವಸ್ಥೆ ಇದೆ. ನಮ್ಮದೇ ಕಂಪ್ಯೂಟರಿನೊಳಗೆ ಒಂದು ಪುಟ್ಟ ಖಾಸಗಿ ಜಾಲ, ಬೆಲೆಯಿಲ್ಲದ ನಾಣ್ಯಗಳು. ನಿಜವಾದ ಜಾಲದಲ್ಲಿ ಒಂದು ಬ್ಲಾಕ್‌ಗೆ ಸರಾಸರಿ 10 ನಿಮಿಷ ಕಾಯಬೇಕು, ಇಲ್ಲಿ ಆಜ್ಞೆ ಕೊಟ್ಟ ಕ್ಷಣವೇ ಬ್ಲಾಕ್ ತಯಾರು. ಗಣಿಗಾರಿಕೆಯ ಬಹುಮಾನ ಅಲ್ಲಿ 2,10,000 ಬ್ಲಾಕ್‌ಗಳಿಗೊಮ್ಮೆ ಅರ್ಧವಾದರೆ, ಇಲ್ಲಿ 150ಕ್ಕೇ ಆಗುತ್ತದೆ. ವರ್ಷಗಳಲ್ಲಿ ನಡೆಯುವುದನ್ನು ನಿಮಿಷಗಳಲ್ಲಿ ನಡೆಸಿ ನೋಡಬಹುದು. ಇದನ್ನು ಬಳಸುವ ಪರೀಕ್ಷೆಗಳನ್ನು ಬರೆದಿರುವುದು ನಾವು ಲ್ಯಾಬಿನಲ್ಲಿ ಕಲಿಯುವ ಪೈಥಾನ್‌ನಲ್ಲೇ. ಹಲವು ನೋಡ್‌ಗಳನ್ನು ಎಬ್ಬಿಸಿ, ಅವುಗಳಿಗೆ ಬೇಕೆಂದೇ ತಪ್ಪು ಬ್ಲಾಕ್ ಕಳುಹಿಸಿ, ಅವು ತಿರಸ್ಕರಿಸುತ್ತವೆಯೇ ಎಂದು ನೋಡುತ್ತಾರೆ.

"ಇಷ್ಟೆಲ್ಲ ಪರೀಕ್ಷೆಗಳಿದ್ದರೆ ತಪ್ಪೇ ಆಗುವುದಿಲ್ಲವೇ?" ಎಂದು ಕೇಳಬಹುದು. ಆಗುತ್ತದೆ. 2017ರಲ್ಲಿ ಬಂದ 0.14 ಆವೃತ್ತಿಯಲ್ಲಿ ವೇಗ ಹೆಚ್ಚಿಸಲು ಒಂದು ತಪಾಸಣೆಯನ್ನು ಕೈಬಿಟ್ಟರು. ಒಂದೇ ವ್ಯವಹಾರದಲ್ಲಿ ಅದೇ ನಾಣ್ಯವನ್ನು ಎರಡು ಸಲ ಖರ್ಚಿಗೆ ತೋರಿಸಿದ್ದಾರೆಯೇ ಎಂಬ ತಪಾಸಣೆ ಅದು. ಬ್ಲಾಕ್ ಬಂದಾಗ ಇದನ್ನು ಮತ್ತೆ ನೋಡಬೇಕಿಲ್ಲ, ಬೇರೆ ಕಡೆ ನೋಡಿಯೇ ಇರುತ್ತೇವೆ ಎಂದು ಭಾವಿಸಿದ್ದರು. ಇದ್ದ ಪರೀಕ್ಷೆಗಳೆಲ್ಲ ಪಾಸಾದವು, ಏಕೆಂದರೆ ಬ್ಲಾಕ್‌ನೊಳಗೆ ಇಂಥ ವ್ಯವಹಾರ ಬಂದರೆ ಏನಾಗುತ್ತದೆ ಎಂದು ಯಾವ ಪರೀಕ್ಷೆಯೂ ಕೇಳಿರಲಿಲ್ಲ. 0.15ರ ನಂತರ ಇದರಿಂದ ಇಲ್ಲದ ನಾಣ್ಯ ಸೃಷ್ಟಿಸುವುದೂ ಸಾಧ್ಯವಿತ್ತು. 2018ರ ಸೆಪ್ಟೆಂಬರ್‌ನಲ್ಲಿ ಲೋಪ ಗೊತ್ತಾಗಿ 0.16.3ರಲ್ಲಿ ತಿದ್ದಿದರು. ಇಂದು ಆ ಲೋಪಕ್ಕೆಂದೇ ಬರೆದ ಪರೀಕ್ಷೆ ಅಲ್ಲಿದೆ, ಹೊಸ ಬದಲಾವಣೆಗಳೆಲ್ಲ ಅದನ್ನು ದಾಟಿ ಬರಬೇಕು.

ಅಂದರೆ ಪರೀಕ್ಷೆ ಪಾಸಾಯಿತು ಎಂದರೆ ಪ್ರೋಗ್ರಾಂ ಸರಿ ಎಂದಲ್ಲ, ಕೇಳಿದ ಪ್ರಶ್ನೆಗಳಿಗೆ ಸರಿ ಉತ್ತರ ಕೊಟ್ಟಿತು ಎಂದಷ್ಟೇ.

ಈಗ ನಮ್ಮ ಲ್ಯಾಬಿಗೆ ಬರೋಣ. ಅಲ್ಲಿ ಏನು ನಡೆಯುತ್ತದೆ? ಪ್ರೋಗ್ರಾಂ ಟೈಪ್ ಮಾಡುತ್ತೇವೆ, ಎರರ್ ಬಂದರೆ ಅಳಿಸಿ ತಿದ್ದುತ್ತೇವೆ, ಔಟ್‌ಪುಟ್ ಬಂದ ಕೂಡಲೇ ರೆಕಾರ್ಡ್‌ನಲ್ಲಿ ಬರೆದು ಸಹಿ ಹಾಕಿಸುತ್ತೇವೆ. ಅಧಿಕ ವರ್ಷ ಕಂಡುಹಿಡಿಯುವ ಪ್ರೋಗ್ರಾಂ ತೆಗೆದುಕೊಳ್ಳಿ. 2024 ಕೊಟ್ಟು ನೋಡಿದರೆ, ನಾಲ್ಕರಿಂದ ಭಾಗಿಸುವುದೊಂದೇ ನಿಯಮ ಬರೆದವರಿಗೂ ಸರಿ ಉತ್ತರ ಬರುತ್ತದೆ. 1900 ಕೊಟ್ಟಾಗಲೇ ಹುಳುಕು ಹೊರಬೀಳುವುದು, ಏಕೆಂದರೆ 1900 ಅಧಿಕ ವರ್ಷವಲ್ಲ, 2000 ಹೌದು. ಸರಾಸರಿ ತೆಗೆಯುವ ಪ್ರೋಗ್ರಾಂಗೆ ಖಾಲಿ ಪಟ್ಟಿ ಕೊಟ್ಟು ನೋಡುವವರು ಎಷ್ಟು ಜನ?

ಆದ್ದರಿಂದ ನನ್ನದೊಂದು ಸಲಹೆ. ರೆಕಾರ್ಡ್‌ನಲ್ಲಿ ಪ್ರತಿ ಪ್ರೋಗ್ರಾಂನ ಕೊನೆಗೆ ಅದನ್ನು ಕೆಡಿಸಿದ ಇನ್‌ಪುಟ್‌ಗಳನ್ನೂ ಬರಬೇಕಾದ ಸರಿ ಉತ್ತರಗಳನ್ನೂ ಬರೆಯೋಣ. ಪ್ರೋಗ್ರಾಂ ಬದಲಾಯಿಸಿದಾಗಲೆಲ್ಲ ಆ ಪಟ್ಟಿಯನ್ನು ಮತ್ತೆ ಓಡಿಸೋಣ. ವರ್ಷದ ಕೊನೆಗೆ ಎಲ್ಲರ ಪಟ್ಟಿಗಳನ್ನೂ ಒಂದು ಫೈಲಿನಲ್ಲಿ ಸೇರಿಸಿ ಜೂನಿಯರ್‌ಗಳಿಗೆ ಕೊಡೋಣ.

"ಬೋರ್ಡ್ ಪರೀಕ್ಷೆಯಲ್ಲಿ ಇದಕ್ಕೆ ಅಂಕವಿಲ್ಲ, ಸಿಲಬಸ್ ಮುಗಿಸುವುದೇ ಕಷ್ಟ" ಎಂದು ಗೆಳೆಯರು ಹೇಳುತ್ತಾರೆ. ನಿಜ. ಪ್ರಾಕ್ಟಿಕಲ್ ದಿನ ಗಡಿಯಾರ ಯಾರನ್ನೂ ಕಾಯುವುದಿಲ್ಲ. ಆದರೆ ಈ ಪಟ್ಟಿಗೆ ಒಂದು ಲ್ಯಾಬ್ ಅವಧಿಯಲ್ಲಿ ಐದು ನಿಮಿಷ ಸಾಕು. ತನ್ನ ಪ್ರೋಗ್ರಾಂ ಎಲ್ಲಿ ಮುರಿಯುತ್ತದೆ ಎಂದು ಬಲ್ಲವನು ವೈವಾದಲ್ಲಿ ತಡವರಿಸುವುದೂ ಕಡಿಮೆ. ನಮ್ಮಲ್ಲಿ ಹಲವರು ನಾಳೆ ಬೆಂಗಳೂರಿನಲ್ಲೋ ಗಲ್ಫ್‌ನಲ್ಲೋ ಬ್ಯಾಂಕು, ಆಸ್ಪತ್ರೆಗಳ ಸಾಫ್ಟ್‌ವೇರ್ ಬರೆಯುವವರು. ಅಲ್ಲಿ ಯಾರದೋ ದುಡ್ಡು, ಯಾರದೋ ಔಷಧದ ಪ್ರಮಾಣ ನಮ್ಮ ಕೋಡಿನ ಮೇಲೆ ನಿಂತಿರುತ್ತದೆ.

ಇನ್ನೊಂದು ಮಾತು ನಮ್ಮ ಅಧ್ಯಾಪಕರಿಗೆ, ವಿನಯದಿಂದ. ಎರರ್ ಬಂದ ಪ್ರೋಗ್ರಾಂ ತೋರಿಸಲು ನಾವು ನಾಚುತ್ತೇವೆ, ಅಂಕ ಹೋಗುತ್ತದೆಂದು ಮುಚ್ಚಿಡುತ್ತೇವೆ. ಸಹಿ ಹಾಕುವ ಮೊದಲು "ಔಟ್‌ಪುಟ್ ಬಂತಾ?" ಎಂದು ಕೇಳುವ ಜೊತೆಗೆ "ಯಾವ ಇನ್‌ಪುಟ್‌ಗೆ ಕೆಟ್ಟಿತು?" ಎಂದೂ ಕೇಳಿ. ಮೊದಲ ವಾರ ನಾವು ತಲೆ ತಗ್ಗಿಸಿ ನಿಲ್ಲಬಹುದು. ತಿಂಗಳೊಳಗೆ ಪ್ರತಿಯೊಬ್ಬರ ಬಳಿಯೂ ಉತ್ತರ ಸಿದ್ಧವಿರುತ್ತದೆ.