ಬೀಗದ ಕೈ ಯಾರ ಬಳಿ?

ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ‘ಶಾಂತಿಪುರಾಣ’ಕ್ಕೆ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದನ್ನು ಕನ್ನಡಿಗರು ಬಲ್ಲರು. ಒಂದೇ ಪ್ರತಿಯುಳ್ಳ ಗ್ರಂಥವು ಗೆದ್ದಲಿಗೋ ಬೆಂಕಿಗೋ ತುತ್ತಾಗುವುದಕ್ಕೆ ಬಹುಕಾಲ ಬೇಕಿಲ್ಲ. ಇಂದು ನಮ್ಮ ಮನೆಯ ವಿಮಾಪತ್ರ, ಲೆಕ್ಕಪತ್ರ, ಮಕ್ಕಳ ಭಾವಚಿತ್ರಗಳೆಲ್ಲವೂ ಗಣಕಯಂತ್ರವೊಂದರ ಹೊಟ್ಟೆಯಲ್ಲಿವೆ. ಅನೇಕರಲ್ಲಿ ಅವಕ್ಕೆ ಎರಡನೆಯ ಪ್ರತಿಯೇ ಇಲ್ಲ.

ಪ್ರತಿ ತೆಗೆದು ಅದೇ ಮನೆಯ ಬೀರುವಿನಲ್ಲಿಟ್ಟರೆ ಕಳ್ಳನು ಎರಡನ್ನೂ ಒಟ್ಟಿಗೇ ಒಯ್ದಾನು. ಆದಕಾರಣ ಪರಸ್ಥಳದಲ್ಲೊಂದು ಪ್ರತಿ ಅವಶ್ಯ. ಆದರೆ ಎಲ್ಲವನ್ನೂ ಪರಸ್ಥಳಕ್ಕೇ ಒಪ್ಪಿಸುವುದೂ ವಿವೇಕವಲ್ಲ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ನಗರದಲ್ಲಿ ಓವಿಎಚ್ ಸಂಸ್ಥೆಯ ದತ್ತಾಂಶ ಕೇಂದ್ರವೊಂದು ಸುಟ್ಟುಹೋದಾಗ, ಮೂಲವನ್ನೂ ನಕಲನ್ನೂ ಅಲ್ಲಿಯೇ ಇರಿಸಿದ್ದವರು ಎರಡನ್ನೂ ಕಳೆದುಕೊಂಡರು. ಮೂರು ಪ್ರತಿ, ಎರಡು ಬಗೆಯ ಸಾಧನ, ಅವುಗಳಲ್ಲಿ ಒಂದು ದೂರದಲ್ಲಿ—ಇದು ಬಲ್ಲವರ ಸೂತ್ರ.

ಇನ್ನು ಗುಟ್ಟಿನ ಮಾತು. ಅತ್ತಿಮಬ್ಬೆಯ ಪ್ರತಿಗಳು ಎಲ್ಲರೂ ಓದಲೆಂದು. ನಮ್ಮವು ಪರರು ಓದದಿರಲೆಂದು. ‘ನಿಮ್ಮ ಕಡತಗಳನ್ನು ಗೂಢಲಿಪಿಯಲ್ಲಿ ಕಾಯುತ್ತೇವೆ’ ಎನ್ನದ ಕಂಪೆನಿಯೇ ವಿರಳ. ನಾವು ಕೇಳಬೇಕಾದ ಪ್ರಶ್ನೆ ಒಂದೇ: ಬೀಗದ ಕೈ ಯಾರ ಬಳಿ? ಅದು ಕಂಪೆನಿಯ ಬಳಿ ಇದ್ದರೆ ಕಂಪೆನಿಯವರೂ, ಅವರನ್ನು ಒತ್ತಾಯಿಸಬಲ್ಲ ಸರ್ಕಾರವೂ ಬಾಗಿಲು ತೆರೆಯಬಹುದು. ‘ರೆಸ್ಟಿಕ್’ ಎಂಬ ಉಚಿತ ತಂತ್ರಾಂಶವು ಕಡತಗಳಿಗೆ ನಮ್ಮ ಯಂತ್ರದಲ್ಲಿಯೇ ಬೀಗ ಹಾಕಿ ಅನಂತರ ಸಾಗಿಸುತ್ತದೆ. ದೂರದ ಉಗ್ರಾಣದವನಿಗೆ ಕಾಣುವುದು ಅರ್ಥವಿಲ್ಲದ ಅಕ್ಷರರಾಶಿ ಮಾತ್ರ. ವಾಟ್ಸಾಪ್ ಸಹ 2021ರಲ್ಲಿ ಇಂತಹ ಏರ್ಪಾಡನ್ನು ತಂದಿತು: ಗುಪ್ತಪದ, ಇಲ್ಲವೇ 64 ಅಂಕಿ-ಅಕ್ಷರಗಳ ಕೀಲಿ.

ಈ ಸ್ವಾತಂತ್ರ್ಯಕ್ಕೆ ಬೆಲೆಯುಂಟು. ಗುಪ್ತಪದ ಮರೆತರೆ ತೆರೆದುಕೊಡುವವರು ಲೋಕದಲ್ಲಿ ಯಾರೂ ಇಲ್ಲ. ಮನೆಯ ಯಜಮಾನರು ಅದನ್ನು ತಮ್ಮ ನೆನಪಿನಲ್ಲಷ್ಟೇ ಇರಿಸಿಕೊಂಡು ಅಕಸ್ಮಾತ್ತಾಗಿ ಕಣ್ಮುಚ್ಚಿದರೆ, ವಿಮಾಪತ್ರ ಬೇಕಾದ ದಿನವೇ ಹೆಂಡತಿ ಮಕ್ಕಳು ಮುಚ್ಚಿದ ಬಾಗಿಲಿನ ಮುಂದೆ ನಿಲ್ಲಬೇಕಾದೀತು. ಕಳ್ಳನಿಗೆಂದು ಹಾಕಿದ ಬೀಗ ಮನೆಯವರನ್ನೇ ಹೊರಗಿಟ್ಟಂತಾಗುತ್ತದೆ.

ಆದ್ದರಿಂದ ಗುಪ್ತಪದವನ್ನು ಕಾಗದದ ಮೇಲೆ ಸ್ಫುಟವಾಗಿ ಬರೆದು, ಮನೆಯ ಕ್ರಯಪತ್ರದೊಡನೆ ಬ್ಯಾಂಕಿನ ಲಾಕರಿನಲ್ಲಿಡಿ. ಇನ್ನೊಂದು ಪ್ರತಿಯನ್ನು ನಂಬಿಕಸ್ಥ ಬಂಧುವಿನಲ್ಲಿಡಿ. ವರ್ಷಕ್ಕೊಮ್ಮೆಯಾದರೂ ದೂರದ ಉಗ್ರಾಣದಿಂದ ನಾಲ್ಕು ಚಿತ್ರಗಳನ್ನು ಮರಳಿ ತರಿಸಿ, ತೆರೆದು ನೋಡಿ. ಆ ಕೆಲಸವನ್ನು ನೀವು ಮಾಡಬೇಡಿ. ಪಕ್ಕದಲ್ಲಿ ಕುಳಿತು ಮನೆಯಾಕೆಯಿಂದ ಮಾಡಿಸಿ.