ಸಿಡಿಲ ಕಲ್ಲು ಎಲ್ಲಿತ್ತು?

"ಅರಳಿಕಟ್ಟೇಲಿದ್ದ ಸಿಡ್ಲು ಕಲ್ಲ ಯಾರೋ ಎತ್ಕಂಡೋಗವ್ರೆ ಕಣ್ಲಾ." ಪಾಂಡವಪುರದಿಂದ ಕೆ.ಆರ್.ಎಸ್. ಕಡೆಗೆ ಹೊರಟ ಬಸ್ಸಿನಲ್ಲಿ ಹಿರಿಯರೊಬ್ಬರು ಪಕ್ಕದವನಿಗೆ ಹೇಳಿದ ಈ ಮಾತು ವಾರವಿಡೀ ನನ್ನನ್ನು ಕಾಡಿದೆ.

ಸಿಡಿಲಿನ ಜೊತೆ ಬಿತ್ತೆಂದು ಊರವರು ಪೂಜಿಸುವ ಇಂಥ ಕಲ್ಲುಗಳಲ್ಲಿ ಎಷ್ಟೋ ನವಶಿಲಾಯುಗದ ಕೊಡಲಿಗಳು. ಅವನ್ನು ತಯಾರಿಸುತ್ತಿದ್ದ, ಬಳ್ಳಾರಿ ಬಳಿಯ ಸಂಗನಕಲ್ಲಿನ ಬಗ್ಗೆ ಬರೆದಾಗ ಮಾಡುವ ಬಗೆ ಹೇಳಿದ್ದೆ. ಡಾಲರೈಟಿನ ಗಟ್ಟಿಯಿಂದ ಚಕ್ಕೆ ಎಬ್ಬಿಸಬೇಕು, ಮೈಯೆಲ್ಲ ಕುಟ್ಟಬೇಕು, ಆಮೇಲೆ ಬಂಡೆಗೆ ಉಜ್ಜಬೇಕು. ಉಜ್ಜಿ ಉಜ್ಜಿ ಬಿದ್ದ ಗುಳಿಗಳು ಅಲ್ಲಿನ ಬಂಡೆಗಳ ಮೇಲೆ ಈಗಲೂ ಇವೆ. ಒಮ್ಮೆ ಅಂಥದೊಂದು ಕೊಡಲಿ ನನ್ನ ಅಂಗೈಯಲ್ಲಿತ್ತು. ಬಾಯಿ ಗಾಜಿನಷ್ಟು ನುಣುಪು, ಹಿಂಬದಿ ಕುಟ್ಟಿದ ಚುಕ್ಕೆಗಳಿಂದ ತರಿತರಿ. ಕಾವಿನಲ್ಲಿ ಜಾರದಿರಲೆಂದೇ ಅಷ್ಟು ಭಾಗ ಒರಟು ಬಿಟ್ಟಿರಬೇಕು.

ಉಪಯೋಗ ತಿಳಿಯದ ಕಲ್ಲಿಗೆಲ್ಲ 'ಧಾರ್ಮಿಕ ವಿಧಿಯ ವಸ್ತು' ಎಂದು ಚೀಟಿ ಅಂಟಿಸಿ ಕೈತೊಳೆದುಕೊಳ್ಳುವುದನ್ನು ನಾನು ಸಹಿಸಲಾರೆ. ಸ್ಕಾಟ್ಲೆಂಡಿನಲ್ಲಿ ಗುಬುಟು ಕೆತ್ತಿದ 400ಕ್ಕೂ ಹೆಚ್ಚು ಕಲ್ಲುಗುಂಡುಗಳು ಸಿಕ್ಕಿವೆ; ವಯಸ್ಸು ಸುಮಾರು 5000 ವರ್ಷ. ಆಯುಧ, ತೂಕದ ಬಟ್ಟು, ಅಧಿಕಾರದ ಗುರುತು ಎಂದು ಒಬ್ಬೊಬ್ಬರದು ಒಂದೊಂದು ವಾದ. ವಾದ ಮುಗಿಯದಿರುವುದಕ್ಕೆ ಕಾರಣ ಸರಳ: ಬಹುಪಾಲು ಗುಂಡುಗಳು ಬಿಡಿಬಿಡಿಯಾಗಿ ಸಿಕ್ಕವು, ಯಾವುದರ ಪಕ್ಕ ಇದ್ದವೆಂಬುದೇ ಉಳಿದಿಲ್ಲ.

ಇಷ್ಟು ಬರೆದ ಮೇಲೆ ಹೊಳೆಯಿತು. ಬಸ್ಸಿನ ಹಿರಿಯರು ಕಲ್ಲು ಯಾತಕ್ಕೆ ಎಂದು ಕೇಳಿರಲಿಲ್ಲ. ಇದ್ದ ಜಾಗದಲ್ಲಿ ಇಲ್ಲವೆಂದು ಮರುಗಿದ್ದರು. ಪ್ರಶ್ನೆ ಅದೇ: ಕಲ್ಲು ಎಲ್ಲಿತ್ತು? 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಗೆದಾಗ ಕಲ್ಲುಕೊಡಲಿಗಳ ಪದರದ ಮೇಲೆ ಕಬ್ಬಿಣ ಬಳಸಿದ ಬೃಹತ್ ಶಿಲಾ ಸಮಾಧಿಯವರ ಪದರ ಕಂಡಿತು. ಯಾರು ಮೊದಲು, ಯಾರು ಆಮೇಲೆ ಎಂದು ಹೇಳಿದ್ದು ಕೊಡಲಿಯ ಆಕಾರವಲ್ಲ, ಅದು ಮಲಗಿದ್ದ ಜಾಗ.

ಅರಳಿಕಟ್ಟೆಯೂ ಒಂದು ಪದರವೇ. ತಮಿಳುನಾಡಿನ ಶೆವರಾಯ್ ಬೆಟ್ಟಗಳ ಜನ ಇಂಥ ಕೊಡಲಿಗಳನ್ನು ಗುಡಿಗಳಲ್ಲಿ ಇಟ್ಟಿದ್ದನ್ನು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ದಾಖಲಿಸಿದ್ದಾನೆ. ಕಾಡು ಕಡಿದ ಕಲ್ಲು ಅರಿಸಿನ ಕುಂಕುಮ ಹೊತ್ತು ದೇವರಾಗಿ ಕೂತರೆ ಅದೂ ಆ ಕಲ್ಲಿನ ಚರಿತ್ರೆ. ನಾನು ಸಹಿಸದ ಆ ಚೀಟಿ ಅಲ್ಲಿ ಮಾತ್ರ ನಿಜ.

ಉಳುವಾಗ ಇಂಥ ಕಲ್ಲು ಎದ್ದರೆ ಹೊಲದ ಹೆಸರು, ಎಷ್ಟು ಆಳ, ಜೊತೆಗಿದ್ದ ಬೋಕಿ ಎಲ್ಲವನ್ನೂ ಬರೆದಿಡಿ. ಕಟ್ಟೆಯ ಮೇಲಿದ್ದರೆ ಕೈ ಹಚ್ಚಬೇಡಿ. ಎತ್ತಿಕೊಂಡು ಹೋದವರು ಇದನ್ನು ಓದುತ್ತಿದ್ದರೆ, ದಯವಿಟ್ಟು ಆ ಕಲ್ಲನ್ನು ಅದೇ ಅರಳಿಮರದ ಬುಡಕ್ಕೆ ತಂದಿಡಿ.